ಅಜ್ಜಿಯ ಪೆಟ್ಟಿಗೆಯಲ್ಲಿ ಅರವತ್ತೊಂಬತ್ತು ಗಂಟೆ



ನಮ್ಮ ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯಲ್ಲಿ ಅಕ್ಷರ ಬಾರದವರಿಗೂ ಕಥೆ ಬರುತ್ತಿತ್ತು. ಶ್ರಾವಣದಲ್ಲಿ ಮಠದ ಪುರಾಣ, ಅಮಾವಾಸ್ಯೆಯ ರಾತ್ರಿ ಏಕತಾರಿ ಹಿಡಿದವರ ತತ್ವಪದ, ಮೊಹರಂನಲ್ಲಿ ರಿವಾಯತ್, ಕಣದಲ್ಲಿ ಹಂತಿ ಪದ, ತಾಂಡಾಗಳಲ್ಲಿ ಲಂಬಾಣಿ ಹಾಡು. ಎಲ್ಲವೂ ಕಿವಿಯ ಮೂಲಕವೇ ಒಳಗೆ ಹೋಗಿ ಕುಳಿತವು. ಆದರೆ ಕೇಳಬೇಕಾದರೆ ಆ ಹೊತ್ತಿಗೆ ಆ ಜಾಗದಲ್ಲಿ ಇರಬೇಕಿತ್ತು. ಆಮೇಲೆ ರೇಡಿಯೊ ಬಂತು. ಜಾಗದ ಹಂಗು ಹೋಯಿತು, ಹೊತ್ತಿನ ಹಂಗು ಉಳಿಯಿತು. ಕಲಬುರಗಿ ಆಕಾಶವಾಣಿ ಹಾಡು ಹಾಕಿದಾಗ ನೀವು ಹೊಲದಲ್ಲಿದ್ದರೆ ಆ ಹಾಡು ಹೋದಂತೆಯೇ. ಕ್ಯಾಸೆಟ್ ಬಂದ ಮೇಲೆ ಹೊತ್ತಿನ ಹಂಗೂ ಹೋಯಿತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಕ್ಯಾಸೆಟ್ ನಮ್ಮ ಹಳ್ಳಿಗಳ ಜಾತ್ರೆಗೆ ಬಂದು ಸೇರಿದಾಗ, ಬೇಕಾದ ಪದವನ್ನು ಬೇಕಾದಾಗ ಕೇಳುವ ಭಾಗ್ಯ ಬಂತು.

ಈಗ ಕ್ಯಾಸೆಟ್ಟೂ ಹೋಗಿದೆ, ಟೇಪ್ ರೆಕಾರ್ಡರ್ ರಿಪೇರಿ ಮಾಡುವವರೂ ಸಿಗುವುದಿಲ್ಲ. ಹಾಡು, ಕಥೆ, ಪುರಾಣ ಎಲ್ಲವೂ ಅಂತರ್ಜಾಲಕ್ಕೆ ಹೋಗಿ ಕುಳಿತಿವೆ. ಅಲ್ಲಿಗೆ ಹೋಗಲು ಒಳ್ಳೆಯ ಫೋನು ಬೇಕು, ನೆಟ್ ಬೇಕು, ಗಾಜಿನ ಮೇಲೆ ಬೆರಳಾಡಿಸುವ ಚಾಕಚಕ್ಯತೆ ಬೇಕು, ಕಣ್ಣು ಬೇಕು. ಕಣ್ಣು ಮಂಜಾದ ಅಜ್ಜಿಗೆ ಇದರಲ್ಲಿ ಒಂದೂ ಇಲ್ಲ. ಅಂದರೆ, ಕೇಳುವ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಬಾಗಿಲು ಮುಚ್ಚಿದಂತಾಗಿದೆ. ಆ ಬಾಗಿಲನ್ನು ತೆರೆಯುವ ಕೆಲಸ ಶಾಲೆಗೆ ಹೋಗುವ ಮೊಮ್ಮಕ್ಕಳದು. ಹೇಗೆ ಎನ್ನುವುದೇ ಈ ವಾರದ ಮಾತು.

ನಲ್ಲಿ ನೀರು, ಹಂಡೆ ನೀರು

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ನೆಟ್ ಇದ್ದಾಗ ಫೋನಿನಲ್ಲಿ ನೇರವಾಗಿ ಹಾಡು ಕೇಳುವುದು ನಲ್ಲಿಗೆ ಬಾಯಿ ಕೊಟ್ಟು ನೀರು ಕುಡಿದ ಹಾಗೆ. ನಲ್ಲಿ ನಿಂತರೆ ನೀರೂ ನಿಂತಿತು. ಹಾಡಿನ ಕಡತವನ್ನು ಇಳಿಸಿಟ್ಟುಕೊಳ್ಳುವುದು ಹಂಡೆ ತುಂಬಿಸಿಟ್ಟ ಹಾಗೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬಂದಾಗ ತುಂಬಿಸಿಡುವುದು ನಮ್ಮ ರಕ್ತದಲ್ಲೇ ಇದೆ. ಹಾಡಿಗೂ ಅದೇ ನಿಯಮ: ನೆಟ್ ಇರುವಲ್ಲಿ, ನೆಟ್ ಇರುವ ಹೊತ್ತಿನಲ್ಲಿ ಇಳಿಸಿಕೊಳ್ಳಿ, ನೆಟ್ ಇಲ್ಲದ ಕಡೆ ಕುಳಿತು ಕೇಳಿ.

ಕೇಳುವುದಕ್ಕೆ ಫೋನೇ ಬೇಕೆಂದಿಲ್ಲ. ಪೆನ್ ಡ್ರೈವ್ ಅಥವಾ ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡ್ ಹಾಕಿದರೆ ಹಾಡುವ ಸಣ್ಣ ಪೆಟ್ಟಿಗೆಗಳು ಸಂತೆಯಲ್ಲೂ ಸಿಗುತ್ತವೆ. ಅದರಲ್ಲೇ ಎಫ್‌ಎಂ ರೇಡಿಯೊ ಇರುತ್ತದೆ, ಬ್ಯಾಟರಿ ಇರುತ್ತದೆ. ಮುಖ್ಯವಾಗಿ, ಒತ್ತಿದರೆ ಟಿಕ್ ಎನ್ನುವ ಗುಂಡಿಗಳಿರುತ್ತವೆ. ಗಾಜಿಗಿಂತ ಗುಂಡಿ ಅಜ್ಜಿಗೆ ಹತ್ತಿರ.

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಗ-ಸೊಸೆ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಏಳನೇ ತರಗತಿಯ ಮೊಮ್ಮಗ ಅಜ್ಜಿಯ ಜೊತೆ ಇದ್ದಾನೆ. ಮನೆಯಲ್ಲಿರುವುದು ಗುಂಡಿ ಫೋನು. ಅಜ್ಜಿಗೆ ಎರಡೂ ಕಣ್ಣು ಹೆಚ್ಚುಕಡಿಮೆ ಹೋಗಿವೆ. ಬೆಳಕು ನೆರಳು ಗೊತ್ತಾಗುತ್ತದೆ, ಅಷ್ಟೆ. ಮೊಮ್ಮಗ ಶಾಲೆಗೆ ಹೋದ ಮೇಲೆ ಸಂಜೆಯವರೆಗೆ ಅವರದು ಕಟ್ಟೆಯ ಮೇಲೆ ಒಂಟಿ ಕೂರುವ ಕೆಲಸ. ಆ ಹುಡುಗ ನನ್ನ ಕಂಪ್ಯೂಟರಿನ ಮುಂದೆ ಕುಳಿತು ಒಂದು ಪೆನ್ ಡ್ರೈವ್ ತುಂಬಿಸಿದ. ಮೊದಲ ದಿನ ಪೆಟ್ಟಿಗೆ ಹಾಡಿದಾಗ ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಸವರಿ, “ಇಷ್ಟು ಸಣ್ಣದರಾಗ ಎಷ್ಟು ಮಂದಿ ಕುಂತಾರಪ್ಪಾ?” ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ಒಳ್ಳೆಯ ಪ್ರಶ್ನೆ. ಉತ್ತರ ಹೇಳೋಣ.

ಎಷ್ಟು ಮಂದಿ ಹಿಡಿಯುತ್ತಾರೆ?

ಧ್ವನಿಯನ್ನು ಅಂಕಿಗಳಾಗಿ ಬರೆದಿಡುವ ಒಂದು ವಿಧಾನದ ಹೆಸರು ಎಂಪಿ3. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು ಇದನ್ನು ರೂಪಿಸಿದರು. 1995ರ ಜುಲೈ 14ರಂದು ಕಡತದ ಹೆಸರಿನ ಕೊನೆಗೆ ‘ಎಂಪಿ3’ ಎಂಬ ಬಾಲ ಅಂಟಿಸಲು ತೀರ್ಮಾನವಾಯಿತು. ತಮ್ಮ ವಿಧಾನ ಸರಿಯಿದೆಯೇ ಎಂದು ಪರೀಕ್ಷಿಸಲು ಬ್ರಾಂಡೆನ್‌ಬರ್ಗ್ ಅಮೆರಿಕದ ಗಾಯಕಿ ಸುಜಾನ್ ವೇಗಾ ಅವರ ಒಂದು ಹಾಡನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ವಾದ್ಯವೇ ಇಲ್ಲದೆ ಒಂಟಿ ದನಿಯಲ್ಲಿ ಹಾಡಿದ ಹಾಡು ಅದು. ಒಂಟಿ ದನಿಯಲ್ಲಿ ಸಣ್ಣ ಒಡಕೂ ಕಿವಿಗೆ ಬೀಳುತ್ತದೆ, ಅದಕ್ಕೆ.

ಎಂಪಿ3ಯ ಗುಟ್ಟು ಏನು? ವಾಡಿ ಜಂಕ್ಷನ್‌ನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಚಹಾ ಮಾರುವವನು ಕೂಗುತ್ತಿದ್ದಾನೆ. ಆಗಲೇ ಪಕ್ಕದ ಹಳಿಯ ಮೇಲೆ ಸಿಮೆಂಟ್ ತುಂಬಿದ ಗೂಡ್ಸ್ ಗಾಡಿ ಧಡಧಡ ಹೋಗುತ್ತದೆ. ಆ ಗಾಡಿ ದಾಟುವವರೆಗೆ ಚಹಾದವನ ಬಾಯಿ ಆಡುವುದು ಕಾಣುತ್ತದೆ, ದನಿ ಕೇಳುವುದಿಲ್ಲ. ದೊಡ್ಡ ಸದ್ದು ಸಣ್ಣ ಸದ್ದನ್ನು ಮುಚ್ಚುತ್ತದೆ. ನಮ್ಮ ಕಿವಿಗೆ ಹೇಗೂ ಕೇಳಿಸದ ಇಂಥ ಮುಚ್ಚಿಹೋದ ಸದ್ದುಗಳನ್ನು ಎಂಪಿ3 ಬರೆದಿಡುವುದೇ ಇಲ್ಲ. ಜೋಳ ಕೇರಿ ಹೊಟ್ಟು ಹಾರಿಸಿ ಕಾಳು ಉಳಿಸಿಕೊಂಡ ಹಾಗೆ. ಹೊಟ್ಟು ಹೋದರೆ ಚೀಲ ಸಣ್ಣದಾಗುತ್ತದಲ್ಲವೇ?

ಎಷ್ಟು ಸಣ್ಣದಾಗುತ್ತದೆ ಎಂದು ಮಕ್ಕಳು ಲೆಕ್ಕ ಹಾಕಲಿ. ಸಿ.ಡಿ.ಯ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್ ಜಾಗ ತಿನ್ನುತ್ತದೆ. ಸಾಮಾನ್ಯ ಎಂಪಿ3 ಸೆಕೆಂಡಿಗೆ 128 ಕಿಲೋಬಿಟ್. ಅಂದರೆ ಸುಮಾರು ಹನ್ನೊಂದರಲ್ಲಿ ಒಂದು ಪಾಲು. 8 ಬಿಟ್‌ಗೆ ಒಂದು ಬೈಟ್. ಆದ್ದರಿಂದ 128 ಕಿಲೋಬಿಟ್ ಅಂದರೆ 16 ಕಿಲೋಬೈಟ್. ಅದನ್ನು 60ರಿಂದ ಗುಣಿಸಿದರೆ ಒಂದು ನಿಮಿಷಕ್ಕೆ 960 ಕಿಲೋಬೈಟ್. ‘ಒಂದು ನಿಮಿಷಕ್ಕೆ ಒಂದು ಎಂಬಿ’ ಎಂದು ನೆನಪಿಟ್ಟುಕೊಂಡರೆ ಸಾಕು. ಒಂದು ಗಂಟೆಯ ಪುರಾಣಕ್ಕೆ ಸುಮಾರು 58 ಎಂಬಿ.

ಈಗ 4 ಜಿಬಿಯ ಹಳೆಯ ಪೆನ್ ಡ್ರೈವ್ ತೆಗೆದುಕೊಳ್ಳಿ. ಎಷ್ಟೋ ಮನೆಗಳ ಕಪಾಟಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅದರಲ್ಲಿ 69 ಗಂಟೆ ಹಿಡಿಯುತ್ತದೆ. ನಮ್ಮ ಕಾಲದ ‘ಸಿಕ್ಸ್ಟಿ’ ಕ್ಯಾಸೆಟ್ ನೆನಪಿದೆಯೇ, ಅಜ್ಜಾ? ಎರಡೂ ಬದಿ ಸೇರಿ ಒಂದು ಗಂಟೆ. ಅಂಥ 69 ಕ್ಯಾಸೆಟ್ ಈಗ ಹೆಬ್ಬೆರಳಿನಷ್ಟು ಜಾಗದಲ್ಲಿವೆ. ದಿನಕ್ಕೆ ಒಂದು ಗಂಟೆ ಕೇಳಿದರೂ ಎರಡು ತಿಂಗಳು ದಾಟುತ್ತದೆ. ಬರೀ ಮಾತಿನ ಕಥೆಯಾದರೆ 64 ಕಿಲೋಬಿಟ್ ಸಾಕು, ಆಗ ಇದರ ಎರಡು ಪಟ್ಟು. ಅಜ್ಜಿಗೆ ಇದನ್ನು ಹೇಳಿದಾಗ ಅವರು ಬೆರಳು ಮಡಚಿ ಎಣಿಸಿ, “ಹಂಗಾರ ಶ್ರಾವಣ ಮುಗಿಯೂತನ ಸಾಕು” ಎಂದರು.

ಎಲ್ಲಿಂದ ತರುವುದು?

ಅಂತರ್ಜಾಲದಲ್ಲಿ ಇರುವುದೆಲ್ಲ ಬಿಟ್ಟಿ ಅಲ್ಲ. ಬಯಲಲ್ಲಿ ಬಿದ್ದ ಕಾಯಿ ಬೇರೆ, ಬೇಲಿಯೊಳಗಿನ ಮರದ ಕಾಯಿ ಬೇರೆ. ಬಯಲಿನವು ಎಲ್ಲಿ ಸಿಗುತ್ತವೆ ಎಂದು ಮೊದಲು ಹೇಳುತ್ತೇನೆ.

ಒಂದು, ಇಂಟರ್ನೆಟ್ ಆರ್ಕೈವ್. ಅಮೆರಿಕದ ಬ್ರೂಸ್ಟರ್ ಕಾಹ್ಲ್ 1996ರಲ್ಲಿ ಶುರುಮಾಡಿದ ದೊಡ್ಡ ಭಂಡಾರ. ಪುಸ್ತಕ, ಹಳೆಯ ಗ್ರಾಮಫೋನ್ ತಟ್ಟೆಗಳ ಹಾಡು, ಭಾಷಣ, ಕಥೆ ಎಲ್ಲ ಅಲ್ಲಿವೆ. ಕನ್ನಡ ಎಂದು ಬರೆದು ಹುಡುಕಿದರೂ ಬಹಳಷ್ಟು ಸಿಗುತ್ತದೆ. ಪ್ರತಿಯೊಂದು ಪುಟದಲ್ಲೂ ಇಳಿಸಿಕೊಳ್ಳುವ ಆಯ್ಕೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಎಂಪಿ3 ಎಂದಿರುವುದನ್ನು ಆರಿಸಿ. ಜೊತೆಗೆ, ಆ ಕೃತಿಗೆ ಯಾವ ಪರವಾನಗಿ ಎಂದು ಬರೆದಿದೆಯೋ ಅದನ್ನೂ ಓದಿ.

ಎರಡು, ಲಿಬ್ರಿವಾಕ್ಸ್. 2005ರಲ್ಲಿ ಕೆನಡಾದ ಹ್ಯೂ ಮೆಕ್‌ಗ್ವೈರ್ ಶುರುಮಾಡಿದ್ದು. ಕೃತಿಸ್ವಾಮ್ಯ ಮುಗಿದ ಪುಸ್ತಕಗಳನ್ನು ಜಗತ್ತಿನ ಸಾಮಾನ್ಯ ಜನರೇ ಮನೆಯಲ್ಲಿ ಕುಳಿತು ಗಟ್ಟಿಯಾಗಿ ಓದಿ, ಮುದ್ರಿಸಿ, ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಇಂಗ್ಲಿಷ್ ಹೆಚ್ಚು. ಇಂಗ್ಲಿಷ್ ಕಿವಿಗೆ ರೂಢಿಯಾಗಬೇಕೆನ್ನುವ ಹೈಸ್ಕೂಲು ಮಕ್ಕಳಿಗೆ ಇದು ಒಳ್ಳೆಯ ಮೇಷ್ಟ್ರು.

ಮೂರು, ಆಕಾಶವಾಣಿಯ ಸುದ್ದಿ ವಿಭಾಗದ ಜಾಲತಾಣ. ಪ್ರಾದೇಶಿಕ ಭಾಷೆಗಳ ವಾರ್ತೆಗಳ ಧ್ವನಿ ಅಲ್ಲಿ ಸಿಗುತ್ತದೆ, ಕನ್ನಡವೂ ಸೇರಿ. ಬೆಳಗಿನ ವಾರ್ತೆ ತಪ್ಪಿದ ಅಜ್ಜನಿಗೆ ಸಂಜೆ ಕೇಳಿಸಬಹುದು.

ನಾಲ್ಕು, ಪಾಡ್‌ಕಾಸ್ಟ್‌ಗಳು. ಈ ಪದ ಹುಟ್ಟಿದ್ದು 2004ರಲ್ಲಿ; ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಎರಡನ್ನೂ ಕಸಿ ಮಾಡಿ ಒಬ್ಬ ಪತ್ರಕರ್ತರು ಕಟ್ಟಿದ ಹೆಸರು. ಕೇಳುಗರು ಇಳಿಸಿಕೊಂಡು ಕೇಳಲಿ ಎಂದೇ ಇವನ್ನು ಮಾಡುತ್ತಾರೆ. ಕನ್ನಡದಲ್ಲಿ ಕಥೆ, ವಿಜ್ಞಾನ, ಇತಿಹಾಸ ಹೇಳುವ ಪಾಡ್‌ಕಾಸ್ಟ್‌ಗಳು ಈಗ ಸಾಕಷ್ಟಿವೆ.

ಐದನೆಯದು ಮುದ್ರಿತ ಪುಸ್ತಕ ಓದಲಾಗದವರಿಗೆ ಮಾತ್ರ ಮೀಸಲು: ಸುಗಮ್ಯ ಪುಸ್ತಕಾಲಯ. 2016ರಲ್ಲಿ ಶುರುವಾದ ಅಂತರ್ಜಾಲ ಗ್ರಂಥಾಲಯ ಇದು. ಮುದ್ರಿತ ಪುಸ್ತಕ ಓದಲಾಗದ ಅಂಗವಿಕಲರು ಸದಸ್ಯರಾದರೆ ಹಲವು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಮಗೆ ಒಗ್ಗುವ ರೂಪದಲ್ಲಿ ಪಡೆಯಬಹುದು. ಇದರ ಹಿಂದೆ ಒಂದು ಹೆಮ್ಮೆಯ ಸಂಗತಿ ಇದೆ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಅನುವು ಮಾಡಿಕೊಡುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ ದೇಶ ಭಾರತ. ಅದಕ್ಕೂ ಮೊದಲೇ, 2012ರಲ್ಲಿ, ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಇದಕ್ಕಾಗಿ ತಿದ್ದುಪಡಿ ಆಗಿತ್ತು. ನಿಮ್ಮ ಮನೆಯ ಅಜ್ಜ-ಅಜ್ಜಿಗೆ ದೃಷ್ಟಿ ದೋಷದ ಪ್ರಮಾಣಪತ್ರ ಇದ್ದರೆ ಇದನ್ನು ವಿಚಾರಿಸಿ ನೋಡಿ.

ಇನ್ನು ಬೇಲಿಯ ಮಾತು. ಬಸವಣ್ಣನವರ ವಚನಗಳು ಎಂಟು ನೂರು ವರ್ಷಕ್ಕೂ ಹಳೆಯವು. ಅವು ಎಲ್ಲರ ಆಸ್ತಿ. ಆದರೆ ಹೋದ ವರ್ಷ ಒಬ್ಬ ಗಾಯಕರು ಸ್ಟುಡಿಯೊದಲ್ಲಿ ಹಾಡಿದ ವಚನದ ಧ್ವನಿಮುದ್ರಣ ಅದನ್ನು ಮಾಡಿಸಿದವರದು. ವಚನ ಬೇರೆ, ಧ್ವನಿಮುದ್ರಣ ಬೇರೆ. ನಮ್ಮ 1957ರ ಕಾಯ್ದೆಯ ಪ್ರಕಾರ ಲೇಖಕರ ಬರಹಕ್ಕೆ ಅವರ ಕಾಲಾನಂತರ 60 ವರ್ಷ, ಧ್ವನಿಮುದ್ರಣಕ್ಕೆ ಅದು ಹೊರಬಂದ ಮೇಲೆ 60 ವರ್ಷ ರಕ್ಷಣೆ ಇರುತ್ತದೆ. ಹಾಡಿ ಹೊಟ್ಟೆ ಹೊರೆಯುವವರ ಕೂಲಿ ಅದು. ಇಳಿಸಿಕೊಳ್ಳುವ ಗುಂಡಿ ಕೊಡದ ಜಾಲತಾಣದಿಂದ ಅಡ್ಡದಾರಿಯಲ್ಲಿ ಎಳೆದುಕೊಳ್ಳುವ ಉಪಾಯವನ್ನು ಈ ಅಂಕಣದಲ್ಲಿ ಹೇಳುವುದಿಲ್ಲ. ವಿಡಿಯೊ ತಾಣಗಳ ಆ್ಯಪ್‌ಗಳಲ್ಲಿ ‘ಆಫ್‌ಲೈನ್’ ಎಂದು ಇಟ್ಟುಕೊಳ್ಳಬಹುದು, ಆದರೆ ಅದು ಆ ಆ್ಯಪ್‌ನೊಳಗೇ ಇರುತ್ತದೆ, ಪೆನ್ ಡ್ರೈವ್‌ಗೆ ಬರುವುದಿಲ್ಲ. ಬಹಳ ಇಷ್ಟವಾದ ಆಲ್ಬಂ ಇದ್ದರೆ, ಇಳಿಸಿಕೊಳ್ಳಲು ಬಿಡುವ ಕಡೆ ಹಣ ಕೊಟ್ಟು ಪಡೆಯಿರಿ.

ಹಳೆಯ ಹಾಡುಗಳ ಮಾತು ಬಂದಿದ್ದರಿಂದ ಒಂದು ಕಥೆ. ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. 1902ರ ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಅವರ ಹಾಡು ಮುದ್ರಣವಾಯಿತು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಆ ದನಿ ಇವತ್ತಿಗೂ ಕೇಳಲು ಸಿಗುತ್ತದೆ. ಒಂದು ತಟ್ಟೆಯ ಮೇಲೆ ಬರೆದಿಟ್ಟದ್ದರಿಂದ ನೂರಿಪ್ಪತ್ತು ವರ್ಷ ಬಾಳಿತು.

ಇಳಿಸುವ ವಿಧಾನ

ಮಕ್ಕಳೇ, ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡಿ.

1. ಕಂಪ್ಯೂಟರಿನಲ್ಲಾದರೆ ಎಂಪಿ3 ಎಂಬ ಕೊಂಡಿಯ ಮೇಲೆ ಮೌಸಿನ ಬಲ ಗುಂಡಿ ಒತ್ತಿ, ‘ಸೇವ್ ಲಿಂಕ್ ಆ್ಯಸ್’ ಆರಿಸಿ. ಫೋನಿನಲ್ಲಾದರೆ ಕೊಂಡಿಯ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಡೌನ್‌ಲೋಡ್ ಆಯ್ಕೆ ತೆರೆದುಕೊಳ್ಳುತ್ತದೆ.

2. ಬಂದ ಕಡತದ ಗಾತ್ರ ನೋಡಿ. ಇಲ್ಲಿ ನಿಮ್ಮ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಗಂಟೆಯ ಕಥೆ ಎಂದು ಬರೆದಿದ್ದು, ಬಂದದ್ದು ಬರೀ 2 ಎಂಬಿ ಆಗಿದ್ದರೆ ಏನೋ ತಪ್ಪಿದೆ: ಅರ್ಧಕ್ಕೆ ನಿಂತಿರಬೇಕು, ಇಲ್ಲವೇ ಅದು ಕಥೆಯೇ ಅಲ್ಲ.

3. ಹೆಸರಿನ ಬಾಲ ನೋಡಿ. ಎಂಪಿ3 ಎಂದಿದ್ದರೆ ಎಲ್ಲ ಪೆಟ್ಟಿಗೆಯಲ್ಲೂ ಹಾಡುತ್ತದೆ. ಎಂ4ಎ, ಓಗ್, ಓಪಸ್ ಎಂದಿದ್ದರೆ ಸಣ್ಣ ಪೆಟ್ಟಿಗೆಗಳು ಸುಮ್ಮನಾಗಬಹುದು. ಆಗ ವಿಎಲ್‌ಸಿ ಅಥವಾ ಆಡಾಸಿಟಿ ಎಂಬ ಉಚಿತ ತಂತ್ರಾಂಶದಿಂದ ಎಂಪಿ3ಗೆ ಬದಲಾಯಿಸಿಕೊಳ್ಳಿ. ಬಾಲ ‘ಎಪಿಕೆ’ ಅಥವಾ ‘ಇಎಕ್ಸ್‌ಇ’ ಎಂದಿದ್ದರೆ ಅದು ಹಾಡಲ್ಲ, ಹಾಡಿನ ವೇಷದ ಕಳ್ಳ. ತೆರೆಯದೆ ಅಳಿಸಿಬಿಡಿ.

4. ಕೆಲವು ತಾಣಗಳಲ್ಲಿ ಕಣ್ಣು ಕುಕ್ಕುವ ದೊಡ್ಡ ಹಸಿರು ‘ಡೌನ್‌ಲೋಡ್’ ಗುಂಡಿಗಳು ಮೂರು ನಾಲ್ಕು ಇರುತ್ತವೆ. ಅವು ಜಾಹೀರಾತು. ಹಾಡು ಕೊಡಲು ಫೋನ್ ನಂಬರ್, ಒಟಿಪಿ, ಬ್ಯಾಂಕ್ ವಿವರ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

5. ಪೆನ್ ಡ್ರೈವ್ ಅಥವಾ ಕಾರ್ಡನ್ನು ‘ಫ್ಯಾಟ್32’ ಎಂಬ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿರಬೇಕು. ಸಣ್ಣ ಪೆಟ್ಟಿಗೆಗಳಿಗೆ ಅರ್ಥವಾಗುವುದು ಅದೇ. 32 ಜಿಬಿಗಿಂತ ದೊಡ್ಡ ಕಾರ್ಡ್ ಎಷ್ಟೋ ಪೆಟ್ಟಿಗೆಗಳು ಓದುವುದಿಲ್ಲ, ನಮಗೆ ಬೇಕಾಗಿಯೂ ಇಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ; ಮದುವೆ ಫೋಟೊ ಏನಾದರೂ ಇದೆಯೇ ಎಂದು ಮೊದಲು ನೋಡಿ.

6. ಕಡತಗಳಿಗೆ ಅಂಕಿಯಿಂದ ಹೆಸರಿಡಿ. 1, 2, 3 ಎಂದಲ್ಲ, 01, 02, 03 ಎಂದು. ಬರೀ 1, 2 ಎಂದಿಟ್ಟರೆ ಹಲವು ಪೆಟ್ಟಿಗೆಗಳು 1 ಆದ ಮೇಲೆ 10ಕ್ಕೆ ಹಾರುತ್ತವೆ. ಆಗ ಮಹಾಭಾರತದಲ್ಲಿ ಹುಟ್ಟುವ ಮೊದಲೇ ಅಭಿಮನ್ಯು ಚಕ್ರವ್ಯೂಹಕ್ಕೆ ಹೋಗಿಬಿಡುತ್ತಾನೆ! ಇನ್ನು ಕೆಲವು ಪೆಟ್ಟಿಗೆಗಳು ಹೆಸರನ್ನು ನೋಡದೆ, ನೀವು ಯಾವ ಕ್ರಮದಲ್ಲಿ ತುಂಬಿಸಿದಿರೋ ಅದೇ ಕ್ರಮದಲ್ಲಿ ಹಾಡುತ್ತವೆ. ಆದ್ದರಿಂದ ಒಂದಾದ ಮೇಲೆ ಒಂದರಂತೆ ವರಸೆಯಾಗಿ ತುಂಬಿಸಿ.

7. ತೆಗೆಯುವ ಮುನ್ನ ‘ಇಜೆಕ್ಟ್’ ಕೊಟ್ಟು ತೆಗೆಯಿರಿ. ಉಣ್ಣುವಾಗ ತಟ್ಟೆ ಎಳೆದರೆ ಅನ್ನ ಚೆಲ್ಲುತ್ತದೆ.

ಅಜ್ಜಿಯ ಬೆರಳಿಗೆ ತಕ್ಕ ಹಾಗೆ

ತುಂಬಿಸಿಕೊಟ್ಟರೆ ಮಕ್ಕಳ ಕೆಲಸ ಮುಗಿಯಲಿಲ್ಲ. ಅಜ್ಜಿ ಒಬ್ಬರೇ ಇದ್ದಾಗ ಅದು ಹಾಡಬೇಕು.

ನಮ್ಮ ಓಣಿಯ ಹುಡುಗ ಮಾಡಿದ್ದನ್ನು ಹೇಳುತ್ತೇನೆ. ಶುರು-ನಿಲ್ಲಿಸು ಗುಂಡಿಯ ಮೇಲೆ ಒಂದು ಜೋಳದ ಕಾಳನ್ನು ಅಂಟಿಸಿದ. ಕೈ ಸವರಿದರೆ ಕಾಳು ಸಿಗುತ್ತದೆ. ಅದನ್ನು ಒತ್ತಿದರೆ ಹಾಡು. ಮುಂದಿನ ಹಾಡಿನ ಗುಂಡಿಗೆ ಎರಡು ಕಾಳು. ಉಳಿದ ಗುಂಡಿಗಳ ಮೇಲೆ ದಪ್ಪ ಅಂಟುಪಟ್ಟಿ ಹಚ್ಚಿದ, ತಪ್ಪಿ ಒತ್ತಬಾರದೆಂದು. ಪೆಟ್ಟಿಗೆಗೆ ದಾರ ಕಟ್ಟಿ ಕಂಬದ ಗೂಟಕ್ಕೆ ನೇತುಹಾಕಿದ. ಕಂಪನಿಗಳ ಎಂಜಿನಿಯರುಗಳು ಕೂಡ ಇಷ್ಟು ಯೋಚಿಸಿರಲಿಕ್ಕಿಲ್ಲ.

ಇನ್ನೊಂದು ತೊಂದರೆ ಎದುರಾಯಿತು. ಕರೆಂಟು ಹೋಗಿ ಬಂದರೆ, ಬ್ಯಾಟರಿ ಸತ್ತು ಎದ್ದರೆ, ಆ ಪೆಟ್ಟಿಗೆ ಕಡತವನ್ನು ಮೊದಲಿನಿಂದ ಶುರು ಮಾಡುತ್ತಿತ್ತು. ಎರಡು ಗಂಟೆಯ ಪುರಾಣದಲ್ಲಿ ಒಂದೂವರೆ ಗಂಟೆ ಕೇಳಿದ ಮೇಲೆ ಮತ್ತೆ ಗಣಪತಿ ಸ್ತುತಿ! ಅದಕ್ಕೆ ಉಪಾಯ: ಉದ್ದದ ಕಡತವನ್ನು ಆಡಾಸಿಟಿಯಲ್ಲಿ ಹದಿನೈದು ನಿಮಿಷದ ತುಂಡುಗಳಾಗಿ ಕತ್ತರಿಸಿದೆವು. ಹೋದರೆ ಹದಿನೈದು ನಿಮಿಷ ಹೋಯಿತು, ಅಷ್ಟೆ. ಪ್ರತಿ ತುಂಡಿನ ಮೊದಲಿಗೆ ಹುಡುಗ ತನ್ನ ದನಿಯಲ್ಲೇ “ಅಜ್ಜಿ, ಇದು ಐದನೇ ತುಣುಕು” ಎಂದು ಸೇರಿಸಿದ. ಕಣ್ಣಿಲ್ಲದವರಿಗೆ ಪುಟದ ಸಂಖ್ಯೆ ಅದು.

ದನಿ ಎಷ್ಟು ಜೋರು ಇರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬಾರದು, ಮಕ್ಕಳಿಗೆ 75. ಡೆಸಿಬೆಲ್ ಅಳೆಯಲು ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಹೀಗೆ ನೋಡಿ: ಹಾಡು ನಡೆಯುತ್ತಿರುವಾಗ ಒಂದು ಮಾರು ದೂರದಲ್ಲಿ ನಿಂತವರ ಸಾದಾ ಮಾತು ಕೇಳಬೇಕು. ಕೇಳದಿದ್ದರೆ ದನಿ ಹೆಚ್ಚಾಯಿತು. ಕಿವಿಗೆ ಸಿಕ್ಕಿಸುವ ಇಯರ್‌ಫೋನಿಗಿಂತ ಕಟ್ಟೆಯ ಮೇಲಿನ ಪೆಟ್ಟಿಗೆ ಒಳ್ಳೆಯದು. ಪಕ್ಕದ ಮನೆಯ ಅಜ್ಜಿಯೂ ಬಂದು ಕೂರಬಹುದಲ್ಲ!

ತಿರುಗು ದಾರಿ

ಇಷ್ಟು ಹೊತ್ತು ಅಂತರ್ಜಾಲದಿಂದ ಅಜ್ಜಿಯ ಕಡೆಗೆ ಬರುವ ದಾರಿಯ ಮಾತಾಯಿತು. ಈಗ ಅದಕ್ಕಿಂತ ಮುಖ್ಯವಾದ ಮಾತು.

ಆ ಅಜ್ಜಿಯ ಮಗ ಪುಣೆಯಿಂದ ನನ್ನ ಫೋನಿಗೆ ಧ್ವನಿ ಸಂದೇಶ ಕಳಿಸುತ್ತಾನೆ. ವಿಶೇಷ ಏನೂ ಇರುವುದಿಲ್ಲ. ಕಣ್ಣಿಗೆ ಔಷಧಿ ಹಾಕಿಕೊಂಡೆಯಾ, ಹುಡುಗ ಶಾಲೆಗೆ ಸರಿಯಾಗಿ ಹೋಗುತ್ತಾನಾ, ತೊಗರಿ ಎಷ್ಟಾಯಿತು, ಇಷ್ಟೇ. ಹುಡುಗ ಅವನ್ನೂ ಎಂಪಿ3 ಮಾಡಿ ಪೆನ್ ಡ್ರೈವ್‌ನಲ್ಲಿ ಬೇರೆ ಫೋಲ್ಡರಿಗೆ ಹಾಕಿದ. ಒಂದು ದಿನ ನಾನು ಹೋದಾಗ ಅಜ್ಜಿ ಪುರಾಣ ಬಿಟ್ಟು ಅದನ್ನೇ ಕೇಳುತ್ತಿದ್ದರು. ಸಂದೇಶ ಎರಡು ತಿಂಗಳ ಹಿಂದಿನದು. ನಾನು ಕೇಳುವ ಮೊದಲೇ ಅವರೇ ಹೇಳಿದರು: “ಫೋನಿನಾಗ ಮಾತಾಡಿದ್ರ ಮುಗದ ಹೋಗ್ತದ. ಇದು ಮನ್ಯಾಗ ಇರ್ತದ.”

ನಮ್ಮ ಭಾಗದಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರ ಮನೆ ಎಷ್ಟೋ ಇವೆ. ಆ ಮನೆಗಳ ಅಜ್ಜ-ಅಜ್ಜಿಯರಿಗೆ ಇದಕ್ಕಿಂತ ದೊಡ್ಡ ಹಾಡು ಯಾವುದಿದೆ?

ಮತ್ತೊಂದು ದಿನ ಇನ್ನೊಂದು ಘಟನೆ ನಡೆಯಿತು. ಹುಡುಗ ಎಲ್ಲಿಂದಲೋ ಒಂದು ತೊಟ್ಟಿಲ ಪದ ಇಳಿಸಿ ತಂದಿದ್ದ. ಚೆನ್ನಾಗಿ ಹಾಡಿದ್ದರು, ಹಿಂದೆ ವಾದ್ಯವೂ ಇತ್ತು. ಅಜ್ಜಿ ಎರಡು ಸಾಲು ಕೇಳಿ ಜೋಳದ ಕಾಳು ಒತ್ತಿ ನಿಲ್ಲಿಸಿದರು. “ಹಿಂಗಲ್ಲೋ ಇದು. ನಮ್ಮವ್ವ ಹಿಂಗ ಹಾಡ್ತಿದ್ದಿಲ್ಲ” ಎಂದವರೇ ತಾವೇ ಹಾಡಿದರು. ದಾಟಿ ಬೇರೆ, ಮಾತು ಬೇರೆ, ನಡುವೆ ಬರುವ ಊರುಗಳ ಹೆಸರು ಬೇರೆ. ಎಲ್ಲ ನಮ್ಮ ಕಾಗಿಣಾ ನದಿಯ ದಂಡೆಯವೇ. ಹಾಡಿ ಮುಗಿದ ಮೇಲೆ ಹುಡುಗ ಕೇಳಿದ: “ಇದು ನೆಟ್‌ನಾಗ ಎಲ್ಲಿ ಸಿಗ್ತದ ಸರ್?”

ಎಲ್ಲಿಯೂ ಸಿಗುವುದಿಲ್ಲ, ಮಗಾ. ಅದು ಇರುವುದು ನಿಮ್ಮ ಅಜ್ಜಿಯ ಗಂಟಲಲ್ಲಿ ಮಾತ್ರ.

ನಮ್ಮ ತಾಲ್ಲೂಕಿನ ಸನ್ನತಿಯ ಕಥೆ ನಿಮಗೆ ಗೊತ್ತಿರಬಹುದು. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಆಗ ಮೂರ್ತಿಯ ಪೀಠದ ಕಲ್ಲಿನ ಮೇಲೆ ಅಕ್ಷರಗಳು ಕಂಡವು; ಅದು ಅಶೋಕ ಚಕ್ರವರ್ತಿಯ ಶಾಸನ! ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ಅಶೋಕನ ಚಿತ್ರ ಇರುವ, ಅವನ ಹೆಸರೇ ಕೆತ್ತಿರುವ ಕಲ್ಲೂ ಸಿಕ್ಕಿತು. ಎರಡು ಸಾವಿರ ವರ್ಷ ಮಣ್ಣಲ್ಲಿ ಬಿದ್ದಿದ್ದರೂ ಕಲ್ಲು ಮಾತನ್ನು ಉಳಿಸಿಕೊಂಡಿತ್ತು. ಆದರೆ ಅದೇ ಕಾಲದಲ್ಲಿ ಭೀಮಾ ದಂಡೆಯ ತಾಯಂದಿರು ಮಕ್ಕಳಿಗೆ ಹಾಡಿದ ಹಾಡು? ಒಂದೂ ಉಳಿದಿಲ್ಲ. ದನಿಗೆ ಆಗ ಕಲ್ಲು ಇರಲಿಲ್ಲ. ಈಗ ಇದೆ, ಪ್ರತಿ ಫೋನಿನಲ್ಲೂ ಇದೆ.

ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಅವರ ಶಿಷ್ಯ ಚನ್ನೂರು ಜಲಾಲ ಸಾಹೇಬರ ಪದಗಳು ಪುಸ್ತಕದಲ್ಲಿ ಅಚ್ಚಾಗಿವೆ. ಆದರೆ ನಿಮ್ಮೂರಿನ ಭಜನಾ ಮಂಡಳಿಯ ಹಿರಿಯರು ಅದನ್ನು ಯಾವ ದಾಟಿಯಲ್ಲಿ ಹಾಡುತ್ತಾರೆ ಎನ್ನುವುದು ಪುಸ್ತಕದಲ್ಲಿಲ್ಲ. ತಾಂಡಾದ ಲಂಬಾಣಿ ಮಾತಿಗೆ ತನ್ನದೇ ಲಿಪಿ ಇಲ್ಲ. ಅಲ್ಲಿ ಹಾಡು ಹೋದರೆ ಬರಹದಲ್ಲೂ ಉಳಿಯುವುದಿಲ್ಲ.

ಹುಡುಗ ಅಜ್ಜಿಯ ಪದಗಳನ್ನು ಮುದ್ರಿಸಲು ಶುರು ಮಾಡಿದ್ದಾನೆ. ಇದುವರೆಗೆ ಹನ್ನೊಂದು ಆಗಿವೆ. ಫೋನನ್ನು ಮೆತ್ತನೆಯ ಬಟ್ಟೆಯ ಮೇಲೆ, ಬಾಯಿಂದ ಒಂದು ಗೇಣು ದೂರ ಇಡುತ್ತಾನೆ. ಫ್ಯಾನ್ ನಿಲ್ಲಿಸುತ್ತಾನೆ. ಮೊದಲಿಗೆ ತಾರೀಖು, ಊರು, ಅಜ್ಜಿಯ ಹೆಸರು ಹೇಳುತ್ತಾನೆ, ಗೌಹರ್ ಜಾನ್ ಹಾಗೆ! ಅಜ್ಜಿ ನಡುವೆ ಮರೆತು ನಿಂತರೆ ನಿಲ್ಲಿಸುವುದಿಲ್ಲ. ಮರೆತು ನೆನಪಿಸಿಕೊಳ್ಳುವುದೂ ಮುದ್ರಣದಲ್ಲಿ ಇರಲಿ ಎನ್ನುತ್ತಾನೆ. ಎರಡು ಪ್ರತಿ ಮಾಡುತ್ತಾನೆ: ಒಂದು ಪೆನ್ ಡ್ರೈವ್‌ನಲ್ಲಿ, ಒಂದು ನನ್ನ ಕಂಪ್ಯೂಟರಿನಲ್ಲಿ. ಒಂದೇ ಪ್ರತಿ ಇದ್ದರೆ ಅದು ಕಳೆದುಹೋಗಲು ಕಾಯುತ್ತಿರುತ್ತದೆ. ಅಂತರ್ಜಾಲಕ್ಕೆ ಏರಿಸುವುದೋ ಬೇಡವೋ ಎಂಬುದು ಅಜ್ಜಿಯ ನಿರ್ಧಾರ. ಅವರು ಸದ್ಯಕ್ಕೆ, “ಮೊದಲ ನನ್ನ ಮಗ ಕೇಳಲಿ” ಎಂದಿದ್ದಾರೆ. ಅದರಂತೆ ಹನ್ನೊಂದೂ ಪುಣೆಗೆ ಹೋಗಿವೆ.

ಈ ವಾರದ ಕೆಲಸ

ಮಕ್ಕಳಿಗೆ: ಮನೆಯಲ್ಲಿ ಬಿದ್ದಿರುವ ಹಳೆಯ ಪೆನ್ ಡ್ರೈವ್ ಅಥವಾ ಕಾರ್ಡ್ ಹುಡುಕಿ. ಅದರ ಗಾತ್ರ ಓದಿ, ಎಷ್ಟು ಗಂಟೆ ಹಿಡಿಯುತ್ತದೆಂದು ಲೆಕ್ಕ ಹಾಕಿ. ಅಜ್ಜ-ಅಜ್ಜಿಗೆ ಏನು ಇಷ್ಟ ಎಂದು ಕೇಳಿ ಐದು ಕಡತ ಇಳಿಸಿ, 01ರಿಂದ 05ರವರೆಗೆ ಹೆಸರಿಡಿ. ಆರನೆಯ ಜಾಗ ಖಾಲಿ ಬಿಡಿ.

ಅಜ್ಜ-ಅಜ್ಜಿಯರಿಗೆ: ಆ ಆರನೆಯ ಜಾಗ ನಿಮ್ಮದು. ಒಂದು ಪದ, ಒಂದು ಒಗಟು, ನಿಮ್ಮ ಮದುವೆಯ ಬಂಡಿ ಹೊಳೆ ದಾಟಿದ ಕಥೆ, ಏನಾದರೂ ಸರಿ. ‘ನನ್ನ ದನಿ ಚಲೋ ಇಲ್ಲ’ ಎನ್ನಬೇಡಿ. ಮೊಮ್ಮಕ್ಕಳಿಗೆ ಬೇಕಾಗಿರುವುದು ಚಲೋ ದನಿಯಲ್ಲ, ನಿಮ್ಮ ದನಿ.

ಅಟ್ಟದ ಮೇಲೆ ಹಳೆಯ ಕ್ಯಾಸೆಟ್‌ಗಳಿದ್ದರೆ ಎಸೆಯಬೇಡಿ, ಬಿಸಿಲಿಗೂ ಇಡಬೇಡಿ. ಅದರೊಳಗಿನ ದನಿಯನ್ನು ಕಂಪ್ಯೂಟರಿಗೆ ತರುವುದು ಹೇಗೆಂದು ಮುಂದಿನ ವಾರ ನೋಡೋಣ. ಅಲ್ಲಿಯವರೆಗೆ ಕೇಳುತ್ತಿರಿ, ಕೇಳಿಸುತ್ತಿರಿ.